ಮಾವ ಮಸೆಯದ ಚಾಕು

ಐವತ್ತರ ಹತ್ತಿರ ಬಂದ ಗಂಡಸು ಒಂದು ಮಡಚುವ ಚಾಕುವಿಗಾಗಿ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದ ಎಂದರೆ ಓದುವವರಿಗೆ ನಗು ಬರಬಹುದು. ಈಗಲೇ ನಕ್ಕುಬಿಡಿ, ಮುಂದೆ ನಗಲು ಹೆಚ್ಚೇನೂ ಇಲ್ಲ.

ನಾನು ಚಿತ್ತಾಪುರದಲ್ಲಿ ಕೃಷಿ ಇಲಾಖೆಯ ನೌಕರ. ತೊಗರಿ ಹೊಲಗಳಲ್ಲಿ ತಿರುಗುವುದು ನನ್ನ ಕೆಲಸ. ಗಿಡ ನಿಂತಲ್ಲೇ ಬಾಡಿತು ಎಂದು ರೈತರು ಫೋನ್ ಮಾಡಿದರೆ ಹೋಗಿ, ಒಂದು ಗಿಡ ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ ತೋರಿಸಬೇಕು. ಒಳಗೆ ಕಪ್ಪು ಗೆರೆ ಕಂಡರೆ ನೆಟೆ ರೋಗ. ಇದಕ್ಕೆ ಒಂದು ಚಾಕು ಬೇಕು, ಅಷ್ಟೆ. ವಾಡಿ ಸ್ಟೇಷನ್ ಹೊರಗಿನ ಗೂಡಂಗಡಿಯಲ್ಲಿ ಕೊಂಡ ಚಾಕು ವರ್ಷಗಟ್ಟಲೆ ಆ ಕೆಲಸವನ್ನು ಏನೂ ಗೊಣಗದೆ ಮಾಡಿಕೊಂಡು ಬಂದಿತ್ತು.

ಅದು ಸಾಲದು ಎನ್ನಿಸಿದ್ದು ಫೋನಿನ ದೆಸೆಯಿಂದ. ಒಂದು ದಿನ ಬಸ್ಸಿನಲ್ಲಿ ಕೂತು ಏನನ್ನೋ ನೋಡುತ್ತಿದ್ದಾಗ ಜಪಾನಿನ ಕುಲುಮೆಯೊಂದರ ವಿಡಿಯೋ ಬಂತು. ಮುದುಕನೊಬ್ಬ ಕೆಂಪಗೆ ಕಾದ ಉಕ್ಕನ್ನು ಮಡಚಿ ಬಡಿದು, ಮತ್ತೆ ಮಡಚಿ ಬಡಿದು, ಕೊನೆಗೆ ನಾಲ್ಕು ಬೆರಳುದ್ದದ ಅಲಗು ತೆಗೆದ. ಅಲಗಿನ ಮೈಮೇಲೆ ನೀರಿನ ತೆರೆಗಳಂಥ ಗೆರೆಗಳು. ಆಮೇಲೆ ಅಂಥ ವಿಡಿಯೋಗಳು ತಾವಾಗಿಯೇ ಬರತೊಡಗಿದವು. ಶಹಾಬಾದಿನಿಂದ ಚಿತ್ತಾಪುರ ಮುಟ್ಟುವಷ್ಟರಲ್ಲಿ ನಾಲ್ಕೈದು ನೋಡಿ ಮುಗಿಸುತ್ತಿದ್ದೆ. ಬೆಲೆ ನನ್ನ ಅರ್ಧ ಸಂಬಳಕ್ಕೆ ಹತ್ತಿರವಿತ್ತು. ಕೊಳ್ಳುವ ಗುಂಡಿಯವರೆಗೆ ಬೆರಳು ಒಯ್ದು ಹಿಂದೆ ತೆಗೆಯುವುದೇ ಒಂದು ಚಟವಾಯಿತು.

ಹೆಂಡತಿಯ ಮುಂದೆ ಬಾಯಿಬಿಟ್ಟೆ. ಅವಳು ರೊಟ್ಟಿ ಬಡಿಯುತ್ತಲೇ, "ಈಳಗಿ ಅದ, ಕುಡುಗೋಲ ಅದ, ಎರಡು ಚಾಕು ಅವ. ಇನ್ನೇನು ಕೊಯ್ಯೂದು ಉಳದದ ನಿಮಗ?" ಎಂದಳು. ಹೊಲದ ಕೆಲಸಕ್ಕೆ ಬೇಕು ಎಂದೆ. ಅದು ಪೂರ್ತಿ ಸತ್ಯವಲ್ಲ. ನಾನು ಮನೆ ಅಳಿಯ. ಮಾವ ನನ್ನ ತಾಯಿಯ ತಮ್ಮನೇ, ಒಂದು ದಿನವೂ ಕೊಂಕು ಮಾತಾಡಿದವರಲ್ಲ. ಆದರೂ ಶಹಾಬಾದಿನ ಆ ಮನೆಯಲ್ಲಿ ಯಾರು ಬಂದರೂ ನೆಲ ನೋಡಿ ಮಾವನನ್ನು ಹೊಗಳುತ್ತಿದ್ದರು. ನನ್ನದು ಎಂದು ಹೇಳಿಕೊಳ್ಳುವ, ಯಾರಾದರೂ ಕೈಗೆತ್ತಿಕೊಂಡು "ಎಲ್ಲಿಂದ ತಂದ್ರಿ?" ಎಂದು ಕೇಳುವ ಒಂದು ವಸ್ತು ನನಗೆ ಬೇಕಾಗಿತ್ತು.

ನೆಲ ಹೊಗಳುವುದಕ್ಕೆ ಕಾರಣವಿತ್ತು. ಮಾವ ಫರಸಿ ಖಣಿಯಲ್ಲಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಗಣಿಯಲ್ಲಿ, ಮೇಸ್ತ್ರಿಯಾಗಿದ್ದವರು. ಬೆರಳ ಗೆಣ್ಣಿನಿಂದ ಫರಸಿಯನ್ನು ಬಡಿದು, ಕಿವಿಗೊಟ್ಟು ಕೇಳಿ, ಒಳಗೆ ಒಡಕಿದೆಯೋ ಇಲ್ಲವೋ ಹೇಳುತ್ತಿದ್ದರು. ಮೊಣಕಾಲು ನೋವು ಬಂದು ಖಣಿ ಬಿಟ್ಟ ಮೇಲೂ, ಮನೆ ಕಟ್ಟಿಸುವವರು ಸೇಡಂನಿಂದ, ಚಿಂಚೋಳಿಯಿಂದ ಗಾಡಿ ತಂದು ಅವರನ್ನು ಕಲ್ಲು ಆರಿಸಲು ಕರೆದೊಯ್ಯುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಕಪ್ ಚಹಾ ಸಾಕು. ಅಂಥ ದಿನ ಬೆಳಗ್ಗೆ ಬೇಗ ಎದ್ದು, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ನಮ್ಮ ಊರುಗಳಲ್ಲಿ ಬಾಗಿಲ ಮುಂದಿನ ಮೆಟ್ಟಿಲೆಂದರೆ ಫರಸಿಯೇ. ಚಾಕು ಮೊಂಡಾದರೆ ಹೆಂಗಸರು ಅದರ ಅಂಚಿಗೆ ನೀರು ಚಿಮುಕಿಸಿ ನಾಲ್ಕು ಸಲ ಉಜ್ಜಿ ಒಳಗೆ ಹೋಗುತ್ತಾರೆ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಮಾವನ ಮನೆಯಲ್ಲಿ ಮಾತ್ರ ಇದು ನಡೆಯುತ್ತಿರಲಿಲ್ಲ. "ಫರಸಿ ಮೆತ್ತಗಿನ ಕಲ್ಲ. ಅದೇನು ಮಸಿತದ? ಮ್ಯಾಲಿನ ಉಸುಕು ಅಲಗು ತಿಂತದ ಅಷ್ಟ" ಎಂದು ಬೈದು, ಹಿತ್ತಲಲ್ಲಿ ಬೇರೆ ಸಾಣೆಕಲ್ಲು ಇಟ್ಟಿದ್ದರು.

ನಮ್ಮ ಕಚೇರಿಯ ಪಕ್ಕದಲ್ಲೇ ಪಶು ಆಸ್ಪತ್ರೆ. ಅಲ್ಲಿನ ಡಾಕ್ಟರು ನನಗಿಂತ ಸ್ವಲ್ಪ ದೊಡ್ಡವರು, ಮಾತುಗಾರರು, ಬಿಚ್ಚು ಮನಸ್ಸಿನವರು. ಅವರ ಹತ್ತಿರ ನಾನು ಕನಸು ಕಾಣುತ್ತಿದ್ದಂಥದೇ ಜಪಾನಿ ಚಾಕು ಇದೆ ಎಂದು ಗೊತ್ತಾದಾಗ ಹೊಟ್ಟೆ ಉರಿಯಿತು. ನನ್ನ ಆಸೆ ತಿಳಿದು ಅವರು ಮರದ ಪೆಟ್ಟಿಗೆ ಸಮೇತ ಅದನ್ನು ನನ್ನ ಕೈಗೆ ಕೊಟ್ಟುಬಿಟ್ಟರು.

"ಎಂಟು ದಿನ ಇಟ್ಕೊಂಡು ನೋಡ್ರಿ. ಫೋನ್ ನೋಡಿ ತಗೊಂಡು ಆಮ್ಯಾಲ ಹಳಹಳಿಸಬ್ಯಾಡ್ರಿ. ಒಂದೇ ಮಾತು, ನೀವು ಮಸೀಲಿಕ್ಕ ಹೋಗಬ್ಯಾಡ್ರಿ. ಅದಕ್ಕ ಬ್ಯಾರೆ ಕಲ್ಲದ, ನಾನೇ ಮಸಿತೀನಿ."

ಮರುದಿನ ಗುಂಡಗುರ್ತಿಯ ಹೊಲದಲ್ಲಿ ಹಸಿ ಕಾಂಡಕ್ಕೆ ಅಲಗು ತಾಗಿಸಿದ್ದಷ್ಟೇ ಗೊತ್ತು, ಎರಡು ಸೀಳಾಗಿ ಕೈಯಲ್ಲಿತ್ತು. ಕಪ್ಪು ಗೆರೆ ಪೆನ್ನಿನಿಂದ ಎಳೆದ ಹಾಗೆ ಕಂಡಿತು. ರೈತ ರೋಗವನ್ನು ಬಿಟ್ಟು ಚಾಕುವನ್ನೇ ನೋಡಿದ. "ಭಾರಿ ಅದ ನೋಡ್ರಿ ಸಾಹೇಬ್ರ. ಎಲ್ಲಿಂದ ತರ್ಸೀರಿ?" ಜಪಾನಿನಿಂದ ಎಂದೆ. ಯಾರದು ಎಂದು ಹೇಳಲಿಲ್ಲ. ಆ ದಿನವೇ ನಿರ್ಧಾರ ಮಾಡಿದೆ, ಅರ್ಧ ಸಂಬಳ ಹೋದರೂ ಸರಿ, ಈ ಚಾಕು ಅಷ್ಟಕ್ಕೆ ತಕ್ಕದ್ದೇ.

ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಕೊಡಬಹುದಿತ್ತು. ಆದರೆ ನಾಲ್ಕನೇ ದಿನ ದಂಡೋತಿಯಲ್ಲಿ ಐದಾರು ಜನ ಸೇರಿದ್ದರು. ನೋಡುವವರಿದ್ದರೆ ನನಗೆ ಕೈ ನಿಲ್ಲುವುದಿಲ್ಲ. ಬದುವಿನ ಮೇಲೆ ಪೂರ್ತಿ ಒಣಗಿ ಕಟ್ಟಿಗೆಯಾಗಿ ನಿಂತಿದ್ದ ಗಿಡವೊಂದನ್ನು ಎಳೆದುಕೊಂಡು ಸೀಳಹೊರಟೆ. ಅಲಗು ಅರ್ಧಕ್ಕೆ ಸಿಕ್ಕಿಕೊಂಡಿತು. ತಿರುವಿದೆ. ಟಕ್ ಎಂದಿತು. ಅಂಚಿನಲ್ಲಿ ಎಳ್ಳಿನಷ್ಟು ಚೂರು ಹಾರಿಹೋಗಿತ್ತು.

ಎಳ್ಳಿನಷ್ಟೇ. ಆಗಲೇ ಡಾಕ್ಟರ ಮುಂದೆ ಇಟ್ಟು ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮನೆಗೆ ತಂದೆ. ಮಾವ ಸ್ಟೇಷನ್ ಕಡೆ ಚಹಾ ಕುಡಿಯಲು ಹೋಗಿದ್ದರು. ಸಾಣೆಕಲ್ಲು ಹಿತ್ತಲಲ್ಲಿತ್ತು, ಅಲ್ಲಿ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು, ಏನು ಎಂದು ಕೇಳುತ್ತಿದ್ದಳು. ಬಾಗಿಲ ಮುಂದೆ ಕೂತು, ಮೆಟ್ಟಿಲಿಗೆ ನೀರು ಚಿಮುಕಿಸಿ, ಅವ್ವ ಮಾಡುತ್ತಿದ್ದಂತೆ ಉಜ್ಜಿದೆ. ಚೂರು ಹಾರಿ ಬಿದ್ದ ಹಲ್ಲು ಹೋಗಲಿಲ್ಲ. ಇನ್ನೂ ಒತ್ತಿ ಉಜ್ಜಿದೆ. ಒರೆಸಿ ನೋಡಿದರೆ ಒಂದರ ಬದಲು ಮೂರು ಹಲ್ಲು ಬಿದ್ದಿದ್ದವು, ನೀರಿನ ತೆರೆಯಂಥ ಗೆರೆಗಳ ಮೇಲೆಲ್ಲ ಗೀರು.

ಮರುದಿನ ಬಸ್ಸು ವಾಡಿ ದಾಟುವವರೆಗೆ ನಿಜ ಹೇಳುವವನಿದ್ದೆ. ಚಿತ್ತಾಪುರ ಬರುವಷ್ಟರಲ್ಲಿ ಬೇರೆ ಮಾತು ಸಿದ್ಧವಾಗಿತ್ತು. ಪೆಟ್ಟಿಗೆಯನ್ನು ಡಾಕ್ಟರ ಮುಂದಿಟ್ಟೆ. "ನಮ್ಮ ಮಾವಗ ಗೊತ್ತಾಗ್ಲಿಲ್ರಿ. ಮೊಂಡ ಆಗ್ಯದ ಅಂತ ತಿಳಕೊಂಡು ಮೆಟ್ಲಿಗೆ ಉಜ್ಜಿಬಿಟ್ಟಾರ."

ಡಾಕ್ಟರ ಮುಖ ಬಾಡಿತು. ಆದರೂ, "ಹೋಗ್ಲಿ ಬಿಡ್ರಿ, ಹಿರ್ಯಾರಿಗೆ ಏನು ಅನ್ನೂದು" ಎಂದರು. ಹೊಸದು ತರಿಸಿ ಕೊಡುತ್ತೇನೆ ಎಂದೆ. ಬೇಡವೆಂದರು. ಎರಡನೇ ಸಲ ನಾನೂ ಆ ಮಾತೆತ್ತಲಿಲ್ಲ.

ಸುಳ್ಳು ಅಲ್ಲಿಗೇ ಸತ್ತಿತು ಎಂದುಕೊಂಡಿದ್ದೆ. ಹದಿನೈದು ದಿನದ ಮೇಲೆ ಒಂದು ಭಾನುವಾರ ಡಾಕ್ಟರು ನಮ್ಮ ಮನೆಗೇ ಬಂದರು. ಮುದುಕರು ತಪ್ಪಾಯಿತೆಂದು ಕೊರಗುತ್ತಿರಬಹುದು, ಸಮಾಧಾನ ಹೇಳೋಣ ಎಂಬ ಒಳ್ಳೆಯ ಮನಸ್ಸು ಅವರದು. ಕೈಯಲ್ಲಿ ಆ ಚಾಕುವಿನ ಪೆಟ್ಟಿಗೆ, ಜೊತೆಗೆ ಸೋಪಿನ ಬಿಲ್ಲೆಯಷ್ಟು ದೊಡ್ಡದೊಂದು ಮಸೆಗಲ್ಲು, ಮಾವನಿಗೆಂದೇ ತಂದದ್ದು.

"ಕಾಕಾ, ಮನಸಿಗೆ ಹಚ್ಕೋಬ್ಯಾಡ್ರಿ. ಜಪಾನಿ ಉಕ್ಕು ಭಾಳ ಗಟ್ಟಿ ಇರ್ತದ. ಮೆಟ್ಲಿಗೆ ಉಜ್ಜಿದ್ರ ಹಲ್ಲು ಬೀಳ್ತಾವ. ಹಿಂಗ ನೋಡ್ರಿ, ಈ ಕಲ್ಲು ನೀರಾಗ ನೆನಿ ಹಾಕಬೇಕು" ಎಂದು ಶುರು ಮಾಡಿದರು.

ಮಾವ ನನ್ನ ಕಡೆ ಒಂದು ಸಲ ನೋಡಿದರು. ಒಂದೇ ಸಲ. ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದ್ರಿ ಸಾಹೇಬ್ರ, ತಿಳೀಲಿಲ್ಲ. ವಯಸ್ಸಾತು" ಎಂದರು.

ಆಯುಷ್ಯವನ್ನೆಲ್ಲ ಕಲ್ಲಿನಲ್ಲಿ ಕಳೆದ ಮನುಷ್ಯ, ದನದ ಡಾಕ್ಟರು ಕಲ್ಲಿನ ಬಗ್ಗೆ ಹೇಳಿದ ಪಾಠವನ್ನು ಕೈಕಟ್ಟಿ ಕೇಳಿದರು. ಹೌದ್ರಿ, ಹೌದ್ರಿ ಎನ್ನುತ್ತಿದ್ದರು. ಹೆಬ್ಬೆರಳು ಮಾತ್ರ ಆ ಮಸೆಗಲ್ಲಿನ ಮೈಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಚಹಾ ತಂದ ನನ್ನ ಹೆಂಡತಿ ತಟ್ಟೆ ಹಿಡಿದುಕೊಂಡೇ ನಿಂತಳು. ನಾನು ಬಿಸ್ಕತ್ತು ತಿನ್ನುತ್ತಿದ್ದೆ, ಈಗ ಬರೆಯಲೂ ನಾಚಿಕೆಯಾಗುತ್ತದೆ.

ಅತಿಥಿ ಹೋದ ಮೇಲೆ ಅಡುಗೆಮನೆಯಲ್ಲಿ ಅವಳು, "ನಮ್ಮಪ್ಪ ಉಜ್ಜಿಲ್ಲ. ಯಾರು ಉಜ್ಜ್ಯಾರ ಅಂತ ನಾ ಕೇಳೂದಿಲ್ಲ" ಎಂದಳು. ಸಂಜೆ ಕಟ್ಟೆಯ ಮೇಲೆ ಕೂತಾಗ ಮಾವ, ಡಾಕ್ಟರು ಜೊತೆಗೆ ತಂದು ತೋರಿಸಿದ್ದ ಆ ಚಾಕುವಿನ ಮಾತು ತಾವೇ ತೆಗೆದರು. "ಉಕ್ಕು ಚಲೋ ಅದ. ನಿನಗ ಬೇಕಿದ್ರ ತಗೋ. ಕೊಟ್ಟ ರೊಕ್ಕಕ್ಕ ಮೋಸ ಇಲ್ಲ." ಆ ಚಾಕು ಅಷ್ಟು ದುಡ್ಡಿಗೆ ತಕ್ಕದ್ದೇ ಎಂದು ಮೂರು ತಿಂಗಳು ನಾನು ಯಾರ್ಯಾರನ್ನೋ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಮನೆಯಲ್ಲೇ ಇದ್ದರು.

ಇಷ್ಟಾದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಒಂದು ದಿನ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಎಲ್ಲರೂ ಇದ್ದಾಗ ಡಾಕ್ಟರು, "ಏನು ನಿರ್ಧಾರ ಮಾಡಿದ್ರಿ? ಚಾಕು ತರ್ಸಾಕತ್ತೀರೋ ಇಲ್ಲೋ?" ಎಂದು ಕೇಳಿದರು. ಕೊಳ್ಳುವ ಮುಖ ನನಗೆ ಉಳಿದಿರಲಿಲ್ಲ, ಅದನ್ನು ಹೇಳುವಂತಿರಲಿಲ್ಲ. ಬಾಯಿಗೆ ಬಂದದ್ದು ಇದು: "ಹೆಂಗ ತರ್ಸೂದ್ರಿ? ಮನ್ಯಾಗ ಮಾವ ಅದಾರ, ಮೆಟ್ಲ ಅದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೇಳದವರಿಗೆ ಡಾಕ್ಟರು ಕತೆಯನ್ನು ಮೊದಲಿನಿಂದ ಹೇಳಿದರು, ನಾನು ನಡುನಡುವೆ ಉಪ್ಪುಖಾರ ಹಚ್ಚಿದೆ. ಮೊದಲ ಸಲದ್ದು ಹೆದರಿ ಆಡಿದ ಸುಳ್ಳು. ಈ ಸಲ ಯಾವ ಹೆದರಿಕೆಯೂ ಇರಲಿಲ್ಲ, ನಗಿಸುವ ಖುಷಿ ಇತ್ತು.

ಅಂದು ನಕ್ಕವರಲ್ಲಿ ನಮ್ಮ ಕಚೇರಿಯ ಗುಮಾಸ್ತನೂ ಒಬ್ಬ. ಸೇಡಂನಲ್ಲಿ ಮನೆ ಕಟ್ಟಿಸುತ್ತಿದ್ದ. ಮುಂದಿನ ಭಾನುವಾರ ಮಾವನನ್ನು ಕರೆದುಕೊಂಡು ಹೋಗಿ ನೆಲದ ಕಲ್ಲು ಆರಿಸುವುದು ಎಂದು ತಿಂಗಳ ಹಿಂದೆಯೇ ಮಾತಾಗಿತ್ತು. ಮಾವ ಎಂಟು ಗಂಟೆಗೇ ಸಿದ್ಧರಾಗಿ ಕಟ್ಟೆಯ ಮೇಲೆ ಕೂತರು. ಹತ್ತಾಯಿತು, ಹನ್ನೊಂದಾಯಿತು. ನಾನು ಒಳಗೆ ಹೋಗಿ ಫೋನ್ ಹಚ್ಚಿದೆ.

"ಕಲ್ಲು ನಿನ್ನೇನೇ ತಗೊಂಡೆ ಸರ್" ಎಂದ ಅವನು. "ಮಾವನೋರಿಗೆ ಯಾಕ ತ್ರಾಸ? ಈಗ ಅವರಿಗೂ ಅಷ್ಟು ತಿಳಿಯೂದಿಲ್ಲಂತ ನೀವೇ ಅಂದ್ರಲ್ಲ" ಎಂದ.

ಹೊರಗೆ ಬಂದೆ. ಗಾಡಿ ಕೆಟ್ಟಿದೆ ಎಂದೋ ಊರಲ್ಲಿ ಇಲ್ಲ ಎಂದೋ ಹೇಳಬಹುದಿತ್ತು, ಸುಳ್ಳು ನನಗೆ ಈಗ ಸಲೀಸಾಗಿತ್ತು. ಆದರೆ ಆ ಇಸ್ತ್ರಿ ಮಾಡಿದ ಧೋತರ ನೋಡಿ ಆಗಲಿಲ್ಲ. ಅವರ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ದಂಡೋತಿಯ ಒಣ ಗಿಡ, ಮೆಟ್ಟಿಲು, ಚಹಾದಂಗಡಿಯಲ್ಲಿ ನಾನೇ ಕಟ್ಟಿ ಹೇಳಿದ ಕತೆ, ಗುಮಾಸ್ತನ ಮಾತು, ಒಂದನ್ನೂ ಬಿಡಲಿಲ್ಲ. ನಾಳೆಯೇ ಎಲ್ಲರ ಮುಂದೆ ನಿಜ ಹೇಳಿಬಿಡ್ತೀನ್ರಿ ಮಾವ ಎಂದೆ.

ಅವರು ಹೆಗಲ ಟವೆಲ್ಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಉಜ್ಜಿದ್ದು ನೀನೇ ಅಂತ ಅವತ್ತೇ ಗೊತ್ತಿತ್ತು. ಹೇಳಬ್ಯಾಡ" ಎಂದರು. "ಈಗ ನನಗ ನಗ್ಲಿಕತ್ತಾರ. ಮುದುಕ ಅದಾನ, ತಲಿ ಓಡೂದಿಲ್ಲ ಅಂತ ನಾಕು ದಿನಕ್ಕ ಮರೀತಾರ. ನೀ ಹೋಗಿ ಹೇಳಿದ್ರ ಅಳಿಯ ಸುಳ್ಳ ಮನುಷ್ಯಾ ಅಂತಾರ. ಅದನ್ನ ಯಾರೂ ಮರಿಯೂದಿಲ್ಲ. ನನ್ನ ಮಗಳು ಆ ಮಾತು ಕೇಳ್ಕೋತ ಬಾಳೇವು ಮಾಡಬೇಕು."

ಆ ಕ್ಷಣದಲ್ಲಿ ನನಗೆ ಅಳು ಬಂತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಅಳು ಬರಲಿಲ್ಲ. ಬಂದದ್ದು ಸಮಾಧಾನ. ನಾಳೆ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ, ಮಾವನೇ ಬೇಡ ಎಂದರು ಎಂಬ ಸಮಾಧಾನ. ಎದೆ ಹಗುರಾಗಿ ಉಸಿರು ಬಿಟ್ಟೆ.

ಆ ಉಸಿರು ಅವರಿಗೆ ಕೇಳಿಸಿತು. ಒಳಗಿನ ಒಡಕಿಗಾಗಿ ಬಡಿದ ಫರಸಿಗೆ ಕಿವಿಗೊಡುತ್ತಿದ್ದ ಹಾಗೆ ತಲೆಯನ್ನು ನನ್ನ ಕಡೆ ವಾಲಿಸಿದರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದು, ಧೋತರ ಬದಲಿಸಲು ಒಳಗೆ ಹೋದರು.