ನರ್ಸಬಾಯಿಯ ಗಡಿಯಾರ

ಮೊನ್ನೆ ಬಡಗಿಯೊಬ್ಬ ಕಪಾಟಿನ ಬಾಗಿಲಿಗೆಂದು ಆಗಷ್ಟೇ ಕೊಯ್ಸಿದ ಹಲಗೆಗಳನ್ನು ತಂದು ಜಗುಲಿಯ ಮೇಲೆ ಹಾಕಿದ. ಹಸಿ ಮರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಯಲ್ಲಾಪುರದ ದವಾಖಾನೆಯ ಮಂಚದ ಮೇಲಿದ್ದೆ. ದವಾಖಾನೆಯೆಂದರೆ ಎಲ್ಲರಿಗೂ ಔಷಧಿಯ ವಾಸನೆ ನೆನಪಾಗುತ್ತದೆ, ನನಗೆ ಮಾತ್ರ ಮರದ ಹೊಟ್ಟಿನದು. ಪಕ್ಕದಲ್ಲೇ ಮರ ಕೊಯ್ಯುವ ಮಿಲ್ಲಿತ್ತು. ಅದು ಶುರುವಾದರೆ ಗೋಡೆ ಅದುರುತ್ತಿತ್ತು, ಲೋಟದೊಳಗಿನ ನೀರು ಅದುರುತ್ತಿತ್ತು, ಗೋಡೆಯ ಗಡಿಯಾರವೂ ಅದುರುತ್ತಿತ್ತು.

ಗಡಿಯಾರ ದವಾಖಾನೆಯದೇ. ಆದರೆ ಊರಿನವರೆಲ್ಲ ಅದನ್ನು ನರ್ಸಬಾಯಿಯ ಗಡಿಯಾರ ಎನ್ನುತ್ತಿದ್ದರು. ಅರವತ್ತರ ಆಚೀಚಿನ ವರ್ಷಗಳವು. ಬಾಯಿ ಘಟ್ಟದ ಕೆಳಗಿನವರು, ಒಬ್ಬರೇ ಇದ್ದರು. ನನ್ನ ತವರುಮನೆ ಎದುರಿನ ಓಣಿಯಲ್ಲೇ ಇತ್ತು. ಅಪ್ಪಯ್ಯನ ತಂಗಿ, ನನ್ನ ಅತ್ತೆ, ಬಾಯಿಗೆ ಗೆಳತಿ. ಮಧ್ಯಾಹ್ನದ ಕೆಲಸ ಮುಗಿಸಿ ಅತ್ತೆ ದವಾಖಾನೆಗೆ ತಾಗಿದ್ದ ಅವರ ಖೋಲಿಗೆ ಹೋಗಿ ಕೂರುತ್ತಿದ್ದಳು, ಬಾಲದಂತೆ ನಾನೂ ಹೋಗುತ್ತಿದ್ದೆ.

ಹೆರಿಗೆಯಾದ ಕೂಡಲೇ, ಗಂಡೋ ಹೆಣ್ಣೋ ಎನ್ನುವುದಕ್ಕೂ ಮೊದಲು, ಬಾಯಿ ಗಡಿಯಾರ ನೋಡಿ ಹೊತ್ತನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಜಾತಕ ಬರೆಸುವವರಿಗೆ ಅದು ಬೇಕು. ಅವರಿಗೆ ಜಾತಕದಲ್ಲಿ ಕವಡೆಯಷ್ಟೂ ನಂಬಿಕೆಯಿರಲಿಲ್ಲ. "ಕೇಳ್ದವರಿಗೆ ಸಮಾ ಹೇಳ್ಬೇಕಲ್ಲ ತಂಗಿ" ಎನ್ನುತ್ತಿದ್ದರು, ಅಷ್ಟೇ.

ಹೊತ್ತನ್ನು ಸರಿಯಾಗಿ ಹೇಳುವುದು ಸುಲಭವಿರಲಿಲ್ಲ. ಹುಬ್ಬಳ್ಳಿ ಕಡೆಯ ಕಂಪೌಂಡರು ಬಸ್ಸು ಬಂದಾಗೆಲ್ಲ ಡ್ರೈವರನ್ನು ಕೇಳಿ ಬಂದು, ಸ್ಟೂಲು ಹತ್ತಿ ಮುಳ್ಳು ತಿರುಗಿಸಿಬಿಡುತ್ತಿದ್ದರು.

"ಬಸ್ಸು ಬಂದು ಹೋತ್ರಿ ಬಾಯಾರ, ನಿಮ್ಮ ಗಡಿಯಾರ ಇನ್ನೂ ನಿದ್ದಿ ಮಾಡಾಕತ್ತೈತಿ."

"ಬಸ್ಸು ಯಾವತ್ತಾದ್ರೂ ಹೊತ್ತಿಗೆ ಬಂದದ್ದುಂಟಾ?" ಎಂದು ಬಾಯಿ ಅವರನ್ನು ಇಳಿಸಿ ಸ್ಟೂಲನ್ನೇ ಒಳಗಿಟ್ಟರು.

ಬಾಯಿ ನಂಬುತ್ತಿದ್ದದ್ದು ತಮ್ಮ ಬ್ಯಾಟರಿ ರೇಡಿಯೋವನ್ನು. ವಾರ್ತೆಗೆ ಮೊದಲು ಅದರಲ್ಲಿ ಪಿಪ್ ಪಿಪ್ ಎಂದು ಹೊತ್ತು ತಿಳಿಸುವ ಸದ್ದು ಬರುತ್ತಿತ್ತು. ಅದನ್ನೂ ಪೂರ್ತಿ ನಂಬುತ್ತಿರಲಿಲ್ಲವೆನ್ನಿ. ಗುಡುಗಿದರೆ ಕರಕರ, ರಸ್ತೆಯಲ್ಲಿ ಲಾರಿ ಹೋದರೆ ಕರಕರ, ಆ ಗದ್ದಲದಲ್ಲಿ ಯಾವುದು ಪಿಪ್, ಯಾವುದು ಅಲ್ಲ ಎಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಒಂದು ದಿನದ ವ್ಯತ್ಯಾಸ ನೋಡಿ ಅವರು ಗಡಿಯಾರಕ್ಕೆ ಕೈ ಹಚ್ಚಿದವರಲ್ಲ. "ಒಂದಿನದ ಮಾತು ನಂಬೂಕಾಗುದಿಲ್ಲ" ಎಂದು ದಿನಗಟ್ಟಲೆ ಕಾದು, ಹಿಂದೆಯೋ ಮುಂದೆಯೋ ಎಂದು ಖಾತ್ರಿಯಾದ ಮೇಲೆ ಲೋಲಕದ ಕೆಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಆಮೇಲೆ ಮತ್ತೆ ಕಾಯುವುದು. ಮಿಲ್ಲಿಗೆ ರಜೆಯಿದ್ದಾಗ ಗಡಿಯಾರ ಬೇರೆ ರೀತಿ ನಡೆಯುತ್ತದೆಂದು ಕಂಡುಹಿಡಿದವರೂ ಅವರೇ. ಮಿಲ್ಲಿನ ಕಡೆಯ ಗೋಡೆಯಿಂದ ಅದನ್ನು ಇಳಿಸಿ, ನಡುವಿನ ದಪ್ಪ ಗೋಡೆಗೆ ಹಾಕಿಸಿದರು. ಹಿಂದುಗಡೆ ಲಾರಿ ಟ್ಯೂಬಿನ ತುಂಡುಗಳನ್ನು ಇಡಿಸಿದರು. ಹೀಗೆ ಒಂದೊಂದೇ ಕಾಟ ಕಳೆಯುತ್ತ ಕಳೆಯುತ್ತ ಗಡಿಯಾರ ಕೊನೆಗೂ ರೇಡಿಯೋಕ್ಕೆ ಸರಿಯಾಗಿ ಕೂತಿತು. ಆಮೇಲೆ ಬಸ್ಸಿನವರೇ ಬಂದು ಬಾಯಿಯನ್ನು ಹೊತ್ತು ಕೇಳತೊಡಗಿದರು. ಬಾಯಿಗೆ ಹೆಮ್ಮೆಯೋ ಹೆಮ್ಮೆ. ಬೇರೆ ಯಾವುದಕ್ಕೂ ಅವರು ಹೆಮ್ಮೆಪಟ್ಟದ್ದನ್ನು ನಾನು ಕಾಣೆ...

ನನ್ನ ಚೊಚ್ಚಲ ಹೆರಿಗೆ ಅಲ್ಲೇ ಆಯಿತು. ಆ ಬೆಳಿಗ್ಗೆ ನೋವಿನ ನಡುವೆಯೂ ಖೋಲಿಯಿಂದ ಪಿಪ್ ಸದ್ದು ನನಗೆ ಸ್ಪಷ್ಟವಾಗಿ ಕೇಳಿತ್ತು. ಬಾಯಿ ಗಡಿಯಾರ ನೋಡಿ ಅತ್ತೆಯತ್ತ ತಿರುಗಿ ನಕ್ಕಿದ್ದರು, ಒಂದಿಷ್ಟೂ ಆಚೀಚೆ ಇರಲಿಲ್ಲ. ಮಗು ಅತ್ತ ಕೂಡಲೇ ರೂಢಿಯಂತೆ "ಹತ್ತಕ್ಕೆ ಐದು ಕಮ್ಮಿ" ಎಂದರು. ಆಮೇಲೆ ಹೆಣ್ಣು ಎಂದರು.

ಹೊರಗೆ ಅಪ್ಪಯ್ಯ ಪಂಚಾಂಗ ತೆರೆದುಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಅದನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ.

"ಹತ್ತು ಗಂಟೆವರೆಗೂ ಮೂಲಾ ಇದ್ದು" ಎಂದ.

ಮೂಲಾ ನಕ್ಷತ್ರದ ಹೆಣ್ಣು ಮನೆಗೆ ಬಂದರೆ ಮಾವ ಉಳಿಯುವುದಿಲ್ಲ ಎಂಬ ನಂಬಿಕೆ. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ, ನನ್ನ ತಲೆದಿಂಬಿನ ಬಳಿಯೇ ನಿಂತಿತ್ತು. ಅತ್ತೆಯದು ಮೂಲಾ. ಹೋದಲ್ಲೆಲ್ಲ ಅವಳ ಜಾತಕ ವಾಪಸು ಬಂದು, ಅಣ್ಣನ ಮನೆಯ ಒಲೆಯ ಮುಂದೆಯೇ ಅವಳ ತಲೆ ನೆರೆತಿತ್ತು. ಅವಳ ಕೈ ಮಗುವಿನ ಮೇಲಿತ್ತು. ನನ್ನ ಕೂಸಿಗೂ ಇದೇ ಗತಿಯೇ ಎಂದುಕೊಂಡೆ.

ಬಾಯಿ ಅತ್ತೆಯ ಮುಖ ನೋಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಅಪ್ಪಯ್ಯನಿಗೆ ಹೇಳಿದರು:

"ಆ ಗಡಿಯಾರ ನಂಬೂಕೆ ಹೋಗಬೇಡಿ. ಅದು ಹಿಂದೆ ಅದೆ."

"ನೀವೇ ಅಲ್ಲವಾ ಬಾಯೀ, ದಿನಾ ರೇಡಿಯೋಕ್ಕೆ ಹೊಂದ್ಸೋದು?"

"ಹೊಂದ್ಸುದು ಹೌದು. ಮಿಲ್ಲು ಅದುರ್ತದಲ್ಲ, ನನ್ನ ಕೈಲಿ ಆಗ್ಲಿಲ್ಲ. ಹತ್ತು ನಿಮಿಷ ಆದ್ರೂ ಹಿಂದೆ ಅದೆ."

ನಾನು ಏನೋ ಹೇಳಹೊರಟಿರಬೇಕು. ಅತ್ತೆ ಬಗ್ಗಿ ನನ್ನ ಕಿವಿಯ ಬಳಿ "ಎಂತದೂ ಹೇಳಡ, ಸುಮ್ನಿರು" ಎಂದಳು. ನಂಬಲು ಕಾದು ನಿಂತಿದ್ದ ಅಪ್ಪಯ್ಯನಿಗೆ ಅಷ್ಟು ಸಾಕಾಯಿತು, ಕೂಸು ಹುಟ್ಟಿದ್ದು ಹತ್ತು ದಾಟಿದ ಮೇಲೆ, ನಕ್ಷತ್ರ ಪೂರ್ವಾಷಾಢಾ ಎಂದಾಯಿತು. ಕಂಪೌಂಡರು ಮಾತ್ರ ಬಿಡಲಿಲ್ಲ. "ನಾ ಮೊದಲ ಹೇಳಿದ್ನಿಲ್ರಿ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಮಗುವಿಗೆ ಸಿಡುಬು ಬಾರದಂತೆ ದೇವಿ ಹಾಕಿಸಲು ಹೋದಾಗ ಸ್ಟೂಲು ಮತ್ತೆ ಹೊರಗೆ ಬಂದಿತ್ತು. ಬಸ್ಸು ಬಂತೆಂದು ಕಂಪೌಂಡರು ಮುಳ್ಳು ತಿರುಗಿಸುತ್ತಿದ್ದರು, ಬಾಯಿ ಸುಮ್ಮನೆ ಬ್ಯಾಂಡೇಜು ಸುತ್ತುತ್ತ ಕೂತಿದ್ದರು. ನಾನು ತಡವರಿಸುತ್ತ ಗಡಿಯಾರದ ಮಾತು ತೆಗೆದೆ. "ಕೂಸನ್ನ ಇಲ್ಲಿ ಕೊಡು, ತೂಕ ನೋಡುವಾ" ಎಂದರು.

ಕೆಲವು ವರ್ಷಗಳಲ್ಲಿ ಅವರಿಗೆ ಬೇರೆಡೆಗೆ ವರ್ಗವಾಯಿತು. ನನ್ನ ಮಗಳ ಜಾತಕ ಮೊದಲು ಹೋದ ಮನೆಯಲ್ಲೇ ಕೂಡಿಬಂತು. ಅವಳ ಮಾವ ತೊಂಬತ್ತು ದಾಟಿ, ಕೊನೆಯವರೆಗೂ ಅವಳ ಕೈಯ ಗಂಜಿ ಉಂಡೇ ಹೋದರು.

ಹೋದ ವರ್ಷ ಸಿರಸಿಯ ಮದುವೆಯೊಂದರಲ್ಲಿ ಯಲ್ಲಾಪುರದ ಹಳಬರೊಬ್ಬರು ಸಿಕ್ಕಿ, ಬಾಯಿ ತೀರಿಕೊಂಡ ಸುದ್ದಿ ಹೇಳಿದರು. "ಕೈಗುಣ ಒಳ್ಳೇದಿತ್ತು. ಗಡಿಯಾರ ಮಾತ್ರ ಎಂದೂ ಸಮಾ ಇತ್ತಿಲ್ಲೆ" ಎಂದು ನಕ್ಕರು. ಊರಿನಲ್ಲಿ ಅವರದೆಂದು ಉಳಿದದ್ದು ಅದೊಂದೇ ಮಾತು. ಪಕ್ಕದಲ್ಲಿ ಮಗಳಿದ್ದಳು, ಅವಳನ್ನು ಕರೆದುಕೊಂಡು ಊಟದ ಪಂಕ್ತಿಗೆ ನಡೆದೆ. ಮನೆಗೆ ಬಂದ ಮೇಲೆ ಬಹಳ ಹೊತ್ತು ಅಳುತ್ತ ಕೂತೆ. ಅಪ್ಪಯ್ಯನಿಲ್ಲ, ಅತ್ತೆಯಿಲ್ಲ, ಮಗಳ ಮಾವನೂ ಇಲ್ಲ. ಈಗ ಬಾಯಿಯೂ ಇಲ್ಲ. ಇನ್ನು ಯಾರಿಗೂ ಕೇಡಿಲ್ಲವೆಂದು ಇಂದು ಹೇಳುತ್ತಿದ್ದೇನೆ: ಆ ಗಡಿಯಾರ ಸರಿಯಾಗಿತ್ತು.