ಹೆದರಿದವರನ್ನು ಇಳಿಸುವ ಮೆಟ್ಟಿಲಮ್ಮ

ಬೆಳಗಿನ ಆರು ಗಂಟೆ. ರಾತ್ರಿಯಿಡೀ ತಿರುಗಿದ ದೀಪ ಈಗಷ್ಟೇ ಆರಿದೆ. ದೀಪಸ್ತಂಭದ ಬುಡದಲ್ಲಿರುವ ಕಬ್ಬಿಣದ ಬಾಗಿಲನ್ನು ಭುಜದಿಂದ ದಬ್ಬಿಕೊಂಡು ಒಳಗೆ ಬರುವ ಐವತ್ತಾರರ ಹೆಂಗಸು ಮೊದಲು ರವಿಕೆಯ ತೋಳು ಮಡಚಿಕೊಳ್ಳುತ್ತಾರೆ. ಆಮೇಲೆ ತಮ್ಮ ಎಡ ಮೊಣಕಾಲಿನ ಜತೆ ಮಾತಿಗಿಳಿಯುತ್ತಾರೆ. "ಇವತ್ತೊಂದಿನ ಸುಮ್ನೆ ಬಾ ತಾಯಿ, ನಾಳೆಯಿಂದ ನೀನು ಹೇಳ್ದಂಗೆ ಕೇಳ್ತೀನಿ." ಈ ಮಾತನ್ನು ಅವರು ಎರಡು ವರ್ಷದಿಂದ ದಿನಾ ಹೇಳುತ್ತಿದ್ದಾರೆ. ಮೊಣಕಾಲೂ ಪಾಪ, ದಿನಾ ನಂಬುತ್ತಿದೆ.

ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ತಗಡಿನ ಡಬ್ಬ. ಒಟ್ಟು ನೂರಾ ಎಂಬತ್ತೇಳು ಮೆಟ್ಟಿಲು. ತುದಿಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಗುಡಿಸುತ್ತಾ ಕೆಳಗೆ ಬರಬೇಕು. ದಂಡೆಯಲ್ಲಿ ಅಡ್ಡಾಡಿ ಬಂದವರ ಕಾಲಿಗೆ ಅಂಟಿದ ಮರಳು ಅವರೊಡನೆ ಗೋಪುರ ಹತ್ತುತ್ತದೆ. ನೂರೈವತ್ತು ವರ್ಷ ತುಳಿಸಿಕೊಂಡು ನಡುವೆ ತಗ್ಗಾಗಿರುವ ಈ ಕಲ್ಲುಗಳ ಮೇಲೆ ಚಿಟಿಕೆ ಮರಳು ಉಳಿದರೂ ಯಾರಾದರೊಬ್ಬರು ಜಾರಿದರೆಂದೇ ಲೆಕ್ಕ. ಸಾಮಾನ್ಯ ದಿನ ಅರ್ಧ ಡಬ್ಬ ಮರಳು ಸಿಗುತ್ತದೆ, ರಜೆಯ ಮರುದಿನ ಡಬ್ಬ ತುಂಬಿ ಚೆಲ್ಲುತ್ತದೆ.

ಕಚೇರಿಯ ಕಾಗದದಲ್ಲಿ ಅವರು ಗುಡಿಸುವ ಕೆಲಸದವರು. ಆದರೆ ಇಲ್ಲಿನವರೆಲ್ಲ ಅವರನ್ನು ಕರೆಯುವುದು ಮೆಟ್ಟಿಲಮ್ಮ ಎಂದು. ಅದಕ್ಕೆ ಕಾರಣ ಪೊರಕೆಯಲ್ಲ. ಹುರುಪಿನಿಂದ ಹತ್ತಿಹೋಗಿ, ಇಳಿಯುವಾಗ ಕೈಕಾಲು ತಣ್ಣಗಾಗಿ ಅರ್ಧದಲ್ಲೇ ಕೂತುಬಿಡುವವರನ್ನು ಕೆಳಗೆ ತರುವುದು ಅವರೇ. ಹದಿನಾಲ್ಕು ವರ್ಷದಿಂದ ಇದು ನಡೆದಿದೆ. ಇದಕ್ಕೆಂದು ಯಾರೂ ಅವರನ್ನು ನೇಮಿಸಿಲ್ಲ.

ರಜೆ ಬಂತೆಂದರೆ ದೂರದೂರುಗಳ ಕಾರುಗಳು ಸಾಲುಗಟ್ಟಿ ಬರುತ್ತವೆ, ದಿನಕ್ಕೆ ಸಾವಿರದಷ್ಟು ಜನ. ಅವರಲ್ಲಿ ಮೂರು ನಾಲ್ಕು ಮಂದಿಯಾದರೂ ಮೆಟ್ಟಿಲಮ್ಮನ ಪಾಲಿಗೆ ಬರುತ್ತಾರೆ. "ಆರಾರು ಗಂಟೆ ಕಾರಲ್ಲಿ ಕಾಲು ಮಡಚ್ಕೊಂಡು ಕೂತಿರ್ತಾರೆ. ಇಳಿದವರೇ ಓಡ್ಬಂದು ಹತ್ತೋದು. ಸ್ವಲ್ಪ ನೀರು ಕುಡಿದು, ಹತ್ತು ನಿಮಿಷ ನಿಂತ್ಕೊಂಡು ಹತ್ತಿ ಅಂದ್ರೆ, ನಾನೇನೋ ಅವರ ರಜೆ ಕಿತ್ಕೊಳ್ತಿದೀನಿ ಅನ್ನೋ ಥರ ನೋಡ್ತಾರೆ."

ಹೆದರಿ ನಿಂತವರನ್ನು ಇಳಿಸುವ ಅವರ ಬಗೆಯೇ ಬೇರೆ. ಯಾವಾಗಲೂ ಒಂದು ಮೆಟ್ಟಿಲು ಕೆಳಗೆ, ಮುಂದೆ ಇರಬೇಕು. ಕೈ ಎಳೆಯಬಾರದು, ಅವರಾಗಿಯೇ ಹಿಡಿಯಲು ಕೊಡಬೇಕು. "'ಕೆಳಗೆ ನೋಡ್ಬೇಡಿ' ಅಂತ ಮಾತ್ರ ಹೇಳ್ಬಾರ್ದು. ಹೇಳಿದ್ರೆ ಮೊದ್ಲು ಅದನ್ನೇ ನೋಡ್ತಾರೆ. 'ಭಯ ಪಡ್ಬೇಡಿ' ಅಂತಲೂ ಹೇಳ್ಬಾರ್ದು. ಪಡ್ತಾ ಇದಾರಲ್ಲ, ಅದನ್ನ ಎಲ್ಲಿ ಇಟ್ಟು ಬರ್ತಾರೆ?"

ಹಾಗಾದರೆ ಏನು ಹೇಳುತ್ತಾರೆ? ಹೇಳುವುದಿಲ್ಲ, ಕೇಳುತ್ತಾರೆ. "ಹೊರಡುವಾಗ ಗ್ಯಾಸ್ ಆಫ್ ಮಾಡಿದ್ರಾ?" ಅಷ್ಟೇ. ನೂರಾರು ಮೈಲಿ ದೂರ ಬಂದವರ ಎದೆ ಧಸಕ್ಕೆನ್ನುತ್ತದೆ. ಮನಸ್ಸು ಒಂದೇ ನೆಗೆತಕ್ಕೆ ಮನೆಯ ಅಡುಗೆಮನೆಗೆ ಓಡುತ್ತದೆ. ಹಿಂಬಾಗಿಲ ಚಿಲಕ, ಟೆರೇಸಿನ ನಲ್ಲಿ, ಇಸ್ತ್ರಿ ಪೆಟ್ಟಿಗೆ ಎಂದು ಒಂದೊಂದೇ ವಿಚಾರಿಸಿ ಮುಗಿಯುವ ಹೊತ್ತಿಗೆ ಕಾಲು ನೆಲ ಮುಟ್ಟಿರುತ್ತದೆ. ಕೆಳಗೆ ಬಂದವರು ಧನ್ಯವಾದ ಹೇಳುವುದನ್ನೂ ಮರೆತು ಪಕ್ಕದ ಮನೆಗೆ ಫೋನು ಹಚ್ಚುವುದುಂಟು.

ಇಷ್ಟೆಲ್ಲ ಬಲ್ಲ ಮೆಟ್ಟಿಲಮ್ಮನ ಬಳಿ ಒಂದು ಗುಟ್ಟಿತ್ತು. ತುದಿಯ ಕೋಣೆಯ ಬಾಗಿಲಾಚೆ, ಗೋಪುರದ ಸುತ್ತ ಕಂಬಿ ಹಾಕಿರುವ ಬಯಲು ಮೊಗಸಾಲೆಗೆ ಅವರು ಕಾಲಿಟ್ಟವರೇ ಅಲ್ಲ. ಎತ್ತರವೆಂದರೆ ಅವರಿಗೂ ಜೀವ ಬಾಯಿಗೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನೂರನೆಯ ಮೆಟ್ಟಿಲಲ್ಲಿ ಕೂತು ಅತ್ತಿದ್ದರು. ಗಂಡ ತೀರಿಹೋಗಿ ಮೂರು ತಿಂಗಳಾಗಿತ್ತು, ಮಗಳು ಶಾಲೆಯಲ್ಲಿದ್ದಳು, ಕೆಲಸ ಬಿಡುವಂತಿರಲಿಲ್ಲ. ಸುತ್ತಲೂ ಗೋಡೆಯಿರುವ ಮೆಟ್ಟಿಲು ಕ್ರಮೇಣ ಒಗ್ಗಿತು, ಬಯಲು ಒಗ್ಗಲಿಲ್ಲ. ಹೊರಗಡೆಯನ್ನು ಮೇಲಿನ ಕಾವಲುಗಾರನೇ ಗುಡಿಸಿಕೊಡುತ್ತಾ ಬಂದ. ಪ್ರವಾಸಿಗರು "ಮೇಲಿಂದ ಸಮುದ್ರ ಹೇಗೆ ಕಾಣುತ್ತೆ?" ಎಂದು ಕೇಳಿದಾಗಲೆಲ್ಲ ಇವರು "ಎರಡು ಕಣ್ಣು ಸಾಲಲ್ಲ" ಎಂದು ಲೀಲಾಜಾಲವಾಗಿ ಬುರುಡೆ ಬಿಟ್ಟಿದ್ದಾರೆ.

ಈಗ ಮೊಣಕಾಲು ಕೈಕೊಡುತ್ತಿದೆ. ಮುಂದಿನ ತಿಂಗಳು ವೈದ್ಯರ ತಪಾಸಣೆ. ಮೆಟ್ಟಿಲು ಹತ್ತಬಾರದೆಂದು ವೈದ್ಯರು ಬರೆದರೆ ಕೆಳಗಿನ ಟಿಕೆಟ್ ಕಿಟಕಿಗೆ ವರ್ಗ. ಅಲ್ಲಿ ಕುರ್ಚಿಯಿದೆ, ಫ್ಯಾನಿದೆ, ಸಂಬಳವೂ ಅಷ್ಟೇ. ಆದರೂ ಮೆಟ್ಟಿಲು ಬಿಡಲೊಲ್ಲದೆ, ಕುಂಟದೆ ನಡೆಯುವುದನ್ನು ಅವರು ಮನೆಯ ನಡುಕೋಣೆಯಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದರು. ದರ್ಜಿ ಕೆಲಸ ಮಾಡುವ ಮಗಳು ಹೊಲಿಗೆ ನಿಲ್ಲಿಸಿ ನಗುತ್ತಿದ್ದಳು. "ಅಮ್ಮಾ, ಡಾಕ್ಟ್ರು ಕಾಲು ನೋಡ್ತಾರೆ, ನಿನ್ನ ನಡಿಗೆ ಅಲ್ಲ."

ಕಳೆದ ಭಾನುವಾರ ಗುಟ್ಟು ರಟ್ಟಾಯಿತು. ಕಾಲು ಉಳುಕಿದ ಅಜ್ಜಿಯೊಬ್ಬರನ್ನು ಕಾವಲುಗಾರ ಕೆಳಗೆ ಕರೆದೊಯ್ದಿದ್ದ. ಮೇಲಿನ ಕೋಣೆಯಲ್ಲಿ ಉಳಿದದ್ದು ಮೆಟ್ಟಿಲಮ್ಮ ಒಬ್ಬರೇ. ಹೊರಗಿನಿಂದ ಹೆಂಗಸೊಬ್ಬರು ಓಡಿಬಂದರು. "ಅಕ್ಕಾ, ನಮ್ಮನೆಯವ್ರು ಗೋಡೆಗೆ ಅಂಟ್ಕೊಂಡ್ಬಿಟ್ಟಿದಾರೆ. ಕರೆದ್ರೆ ಮಾತೇ ಆಡ್ತಿಲ್ಲ!"

ಮನೆಯವರು ಎಂದರೆ ಆರಡಿಯ ಆಳು, ಇಪ್ಪತ್ತು ವರ್ಷ ಬೆಟ್ಟದ ರಸ್ತೆಗಳಲ್ಲಿ ಬಸ್ಸು ಓಡಿಸಿದವರು. ಮುಖ ಬಿಳಿಚಿಕೊಂಡಿತ್ತು, ಎರಡೂ ಅಂಗೈ ಗೋಡೆಗೆ ಒತ್ತಿ ಹಿಡಿದಿದ್ದರು. ಕಾವಲುಗಾರ ಬರಲು ಹತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಅವರು ಕುಸಿದರೆ?

ಮೆಟ್ಟಿಲಮ್ಮ ಹೊಸ್ತಿಲು ದಾಟಿದರು. ಬೆನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು, ಕೈ ಚಾಚಿದರು. "ಗ್ಯಾಸ್... ಆಫ್ ಮಾಡಿದ್ರಾ ಅಣ್ಣಾ?"

ಚಾಲಕರು ಗೋಡೆ ಬಿಡದೆಯೇ ಉತ್ತರಿಸಿದರು. "ನಾನಲ್ಲ. ಅವ್ಳು."

"ನಾನೆಲ್ಲಿ? ನೀವೇ ಅಲ್ವಾ ಕೊನೇಲಿ ಹೊರಗೆ ಬಂದಿದ್ದು?" ಎಂದು ಬಾಗಿಲಲ್ಲಿದ್ದ ಹೆಂಡತಿ ರೇಗಿದರು. ಅಷ್ಟು ಸಾಕಾಯಿತು. ಚಾಲಕರು ಸಿಟ್ಟಿನಲ್ಲಿ ಮೆಟ್ಟಿಲಮ್ಮನ ಕೈ ಹಿಡಿದರು. ಇಬ್ಬರೂ ಅಡ್ಡಡ್ಡ ಹೆಜ್ಜೆಯಿಟ್ಟು ಒಳಗೆ ಬಂದರು. ಒಳಗೆ ಬಂದದ್ದೇ ಮೆಟ್ಟಿಲಮ್ಮ ನೆಲದ ಮೇಲೆ ಕುಸಿದು ಕೂತು ಹೋ ಎಂದು ಅತ್ತರು. ಈ ಸಲ ಸಮಾಧಾನ ಮಾಡುವ ಸರದಿ ಚಾಲಕರದಾಯಿತು.

ಸಂಜೆ ಮಗಳು ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು, "ಅಂತೂ ಮೇಲಿಂದ ಸಮುದ್ರ ನೋಡ್ದೆ ಅನ್ನು?"

"ಎಲ್ಲಿ ನೋಡೋದು? ಅಷ್ಟು ಹೊತ್ತೂ ಆಯಪ್ಪನ ಅಂಗಿ ಗುಂಡಿ ನೋಡ್ತಾ ಇದ್ದೆ."

ಅಂದಿನಿಂದ ಅವರು ನಡಿಗೆಯ ಅಭ್ಯಾಸ ಬಿಟ್ಟಿದ್ದಾರೆ. ವೈದ್ಯರಿಗೆ ಇದ್ದದ್ದನ್ನು ಇದ್ದಂತೆಯೇ ತೋರಿಸುತ್ತಾರಂತೆ. ತಮ್ಮ ಜಾಗಕ್ಕೆ ಯಾರು ಬಂದರೂ ಸರಿ, ಸ್ವಲ್ಪ ಹೆದರಿಕೆ ಬಲ್ಲವರಾಗಿರಲಿ ಎಂದು ಮೇಲ್ವಿಚಾರಕರಿಗೆ ಹೇಳಿಯೂ ಆಗಿದೆ. ಉಳಿದಿರುವುದು ತಮಗಾಗಿ ಒಂದೇ ಆಸೆ. ಅದನ್ನು ಹೇಳುವಾಗ ಅವರ ಮುಖ ಕೆಂಪಾಗುತ್ತದೆ.

"ಬಾಗಿಲಿಂದ ಕಂಬಿವರೆಗೆ ಎಷ್ಟಿದೆ ಅಂತ ಒಳಗೇ ನಿಂತು ಪೊರಕೆ ಹಿಡಿ ಚಾಚಿ ಅಳೆದೆ. ಆರು ಗೇಣು. ಅವತ್ತು ಎರಡು ಗೇಣು ಹೋಗಿದ್ದೆ, ಇನ್ನು ನಾಲ್ಕು. ತಪಾಸಣೆಗೆ ಇಪ್ಪತ್ತಮೂರು ದಿನ ಇದೆ. ಒಂದೊಂದು ಗೇಣಿಗೆ ಐದೈದು ದಿನ ಹಿಡಿದ್ರೂ ಮೂರು ದಿನ ಮಿಗುತ್ತೆ. ಆ ಮೂರು ದಿನ ಸುಮ್ನೆ ನಿಂತ್ಕೊಂಡು ಸಮುದ್ರ ನೋಡ್ತೀನಿ."