ಅಕ್ಕನ ರಕ್ತದಲ್ಲಿ ಬಲಿತ ಕಣಗಳು

ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಸಣ್ಣದೊಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೆ. ಮಸ್ಕಿಗೆ ಕೊಟ್ಟಿದ್ದ ಅಕ್ಕನಿಗೆ ರಕ್ತದ ಕ್ಯಾನ್ಸರ್ ಬಂತು. ಹೈದರಾಬಾದಿನ ಡಾಕ್ಟರು ಆಗಷ್ಟೇ ಬಂದಿದ್ದ ಒಂದು ಗುಳಿಗೆ ಕೊಟ್ಟರು. ದಿನ ಬಿಟ್ಟು ದಿನ ನಾನು ರಕ್ತ ನೋಡಿ ಫೋನ್ ಮಾಡಬೇಕೆಂದು ಹೇಳಿ ಅಕ್ಕನನ್ನು ನನ್ನ ಮನೆಗೆ ಕಳಿಸಿದರು.

ಅವರು ವಿವರಿಸಿದ್ದು ಇಷ್ಟು: ಕೂಡಬಾರದ ಎರಡು ವಂಶವಾಹಿಗಳು ಕೂಡಿಕೊಂಡಿವೆ. ಬಿಳಿಕಣವನ್ನು ಬಲಿಸುವ ಬೇರೆ ವಂಶವಾಹಿಗಳನ್ನು ಅವು ಕೆಲಸ ಮಾಡಗೊಡುತ್ತಿಲ್ಲ. ಹಾಗಾಗಿ ಎಳೆಯ ಕಣಗಳು ಬಲಿಯುವುದೂ ಇಲ್ಲ, ಕಾಲಕ್ಕೆ ಸಾಯುವುದೂ ಇಲ್ಲ. ಗುಳಿಗೆ ಆ ತಡೆಯನ್ನು ತೆಗೆಯುತ್ತದೆ.

ಎರಡನೆಯ ವಾರ ಬಿಳಿಕಣಗಳು ಮೂರು ಪಟ್ಟಾದವು. ಸ್ಲೈಡ್ ನೋಡುವ ಮೊದಲೇ ಆ ಎಣಿಕೆಯನ್ನು ಮನೆಯಲ್ಲಿ ಅಕ್ಕನ ಜೊತೆಗಿದ್ದ ಮಾವನಿಗೆ, ಅವಳ ಗಂಡನಿಗೆ, ಹೇಳಿದ್ದು ನನ್ನ ತಪ್ಪು.

"ಗುಳಗಿ ನುಂಗಿದ ಮ್ಯಾಲೇ ಹೆಚ್ಚಾಗ್ಯಾವ. ಸಾಕು, ಬಂದ್ ಮಾಡೂನು," ಎಂದು ಮಾವ ಡಬ್ಬಿಯನ್ನು ಜೇಬಿಗಿಟ್ಟುಕೊಂಡರು.

ನಾನು ಲ್ಯಾಬಿಗೆ ಹೋಗಿ, ರಕ್ತ ಸವರಿದ ಗಾಜಿನ ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೊದಲು ಆ ಕಣಗಳ ನಡುವಿನ ಕೇಂದ್ರ ಇಡಿಯಾಗಿ, ದೊಡ್ಡದಾಗಿರುತ್ತಿತ್ತು. ಸುತ್ತ ಸಣ್ಣ ಕೆಂಪು ಕಡ್ಡಿಗಳು. ಅವೇ ರೋಗದ ಗುರುತು. ಈಗ ಕೇಂದ್ರ ಬಲಿತ ಕಣದಲ್ಲಿರುವಂತೆ ಮೂರು ಹೋಳಾಗಿತ್ತು. ಆದರೆ ಪಕ್ಕದಲ್ಲಿ ಅದೇ ಕೆಂಪು ಕಡ್ಡಿ. ರೋಗದ ಕಣಗಳೇ ಬಲಿತಿದ್ದವು.

ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಹೇಳಿದೆ. "ಕಣ ಬಲಿಯುವಾಗ ಎಣಿಕೆ ಹೀಗೆ ಏರುವುದುಂಟು. ಗುಳಿಗೆ ನಿಲ್ಲಿಸಬೇಡಿ. ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಕರೆತನ್ನಿ," ಎಂದರು.

ಮನೆಗೆ ಬಂದು ಹೇಳಿದರೆ ಮಾವ ಒಪ್ಪಲಿಲ್ಲ. "ಮುಂಜಾನಿ ಹೆಚ್ಚಾಗ್ಯಾವ ಅಂದಿ, ಈಗ ಛಲೋ ಆಗೈತಿ ಅಂತೀದಿ. ಯಾವ್ದು ಖರೆ?"

"ಎರಡೂ ಖರೇರೀ ಮಾವ. ಹೆಚ್ಚಾಗ್ಯಾವ, ಆದ್ರ ಬಲ್ತಾವ. ಬಲ್ತ ಕಣ ಭಾಳ ದಿನ ಬದುಕಂಗಿಲ್ರೀ."

ಗೋಡೆಗೆ ಒರಗಿದ್ದ ಅಕ್ಕ ನನ್ನ ಕಡೆ ನೋಡಿದಳು. "ನಿನ್ನ ಬುದ್ಧಿಗಿಂತ ನನ್ನ ರಕ್ತನ ಜಲ್ದಿ ಬಲ್ತೈತಿ ನೋಡಲೇ ತಮ್ಮಾ." ಆಮೇಲೆ ಗಂಡನ ಮುಂದೆ ಕೈ ಚಾಚಿದಳು. "ಎಲ್ಲಿ, ಕೊಡ್ರಿ ಇಲ್ಲಿ. ನುಂಗಾಕಿ ನಾನು."

ಮಾವ ಕೊಟ್ಟರು. ನೀರನ್ನೂ ಅವರೇ ತಂದರು.

ಎಣಿಕೆ ಇನ್ನೂ ಕೆಲವು ದಿನ ಏರಿತು, ನಿಂತಿತು, ನಿಧಾನಕ್ಕೆ ಇಳಿಯಿತು. ಕೆಂಪು ಕಡ್ಡಿಯ ಕಣ ಒಂದೂ ಸಿಗದ ದಿನ ಎರಡನೆಯ ಸ್ಲೈಡ್ ಮಾಡಿ ನೋಡಿದೆ. ಮೂರನೆಯದರಲ್ಲಿ ರಕ್ತ ದಪ್ಪಗೆ ಹರಡಿತು. ಅದನ್ನು ಬಿಟ್ಟು ನಾಲ್ಕನೆಯದನ್ನು ಮೂಲೆಯಿಂದ ಮೂಲೆಗೆ ನೋಡಿದೆ. ಆಮೇಲೆಯೇ ಅಕ್ಕನಿಗೆ ಹೇಳಲು ಮನೆಗೆ ನಡೆದೆ.